ಘಟ್ಟ ಹತ್ತುವ ಲೆಕ್ಕ

ಮಂಗಳೂರು ಕಡೆಯಿಂದ ಬಂದ ಗೂಡ್ಸ್ ರೈಲು ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ನಿಂತು, ಬೆನ್ನಿಗೆ ಮತ್ತಷ್ಟು ಎಂಜಿನ್ ಜೋಡಿಸಿಕೊಳ್ಳುತ್ತದೆ. ರೈಲ್ವೆಯವರು ಇವನ್ನು ಬ್ಯಾಂಕರ್ ಎಂದು ಕರೆಯುತ್ತಾರೆ. ಮುಂದಿನವು ಎಳೆಯಬೇಕು, ಹಿಂದಿನವು ನೂಕಬೇಕು. ಆಗಷ್ಟೇ ಗಾಡಿ ಶಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್ ದಾಟಿ ಸಕಲೇಶಪುರ ಮುಟ್ಟೀತು. 55 ಕಿಲೋಮೀಟರ್ ದೂರ, 57 ಸುರಂಗ, 50ಕ್ಕೆ 1ರ ಏರು. ಅಂದರೆ ಹಳಿಯ ಮೇಲೆ 50 ಮೀಟರ್ ಸಾಗಿದರೆ 1 ಮೀಟರ್ ಎತ್ತರ ಗಿಟ್ಟುತ್ತದೆ. ಬಯಲುಸೀಮೆಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ಓಡಬಲ್ಲ ಗಾಡಿಗೂ ಇಲ್ಲಿ 30ರ ಮಿತಿ.

ಒಂಬತ್ತನೇ ತರಗತಿಯ ಮಕ್ಕಳು ವಿಜ್ಞಾನದಲ್ಲಿ ಕೆಲಸ ಮತ್ತು ಶಕ್ತಿಯ ಪಾಠ ಓದುತ್ತಾರೆ. ಪಿಯುಸಿಗೆ ಬಂದಾಗ ಅದೇ ಪಾಠ ಇನ್ನಷ್ಟು ಗಟ್ಟಿಯಾಗುತ್ತದೆ. ಕಪ್ಪುಹಲಗೆಯ ಮೇಲೆ ಒಂದು ಇಳಿಜಾರು, ಅದರ ಮೇಲೊಂದು ಚೌಕಾಕಾರದ ದಿಮ್ಮಿ, ಅದರ ಪಕ್ಕ ಬಾಣದ ಗುರುತು. ಸಕಲೇಶಪುರ, ಆಲೂರಿನ ಶಾಲೆಯ ಕಿಟಕಿಯಿಂದ ಹೊರಗೆ ನೋಡಿದರೆ ಆ ಇಳಿಜಾರು ನಿಜವಾಗಿಯೂ ಇದೆ. ಅದರ ಮೇಲೆ ರೈಲು, ಲಾರಿ, ನೀರು, ಆನೆ ಎಲ್ಲವೂ ಹತ್ತಿಳಿಯುತ್ತಿವೆ. ಈ ಪಾಠವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಕರ್ನಾಟಕದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಈ ಲೆಕ್ಕ ಬರುವ ಮಗು ಮುಂದೆ ತನ್ನೂರಿನ ಯೋಜನೆಗಳನ್ನು ಅಳೆದು ನೋಡಬಲ್ಲ ನಾಗರಿಕನಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ನಂಬಿಕೆ.

ಮೊದಲು ಸಣ್ಣದರಿಂದ ಶುರುಮಾಡೋಣ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಗೆ ಹೋಗಲು ಇನ್ನೂರೈವತ್ತರಷ್ಟು ಮೆಟ್ಟಿಲು ಏರಬೇಕು. ಎತ್ತರವನ್ನು 40 ಮೀಟರ್ ಎಂದು ಹಿಡಿಯೋಣ. 60 ಕಿಲೋ ತೂಗುವವರು ಅಷ್ಟು ಎತ್ತರಕ್ಕೆ ತಮ್ಮನ್ನು ತಾವೇ ಎತ್ತಿಕೊಳ್ಳಲು ಮಾಡಿದ ಕೆಲಸ 60 ಗುಣಿಸು 9.8 ಗುಣಿಸು 40, ಅಂದರೆ ಸುಮಾರು 23,500 ಜೂಲ್. ನಮ್ಮ ಸ್ನಾಯುಗಳು ಅನ್ನದಿಂದ ಪಡೆದ ಶಕ್ತಿಯಲ್ಲಿ ಕಾಲುಭಾಗದಷ್ಟನ್ನು ಮಾತ್ರ ಇಂಥ ಕೆಲಸವಾಗಿಸುತ್ತವೆ, ಉಳಿದದ್ದು ಬೆವರಿಳಿಸುವ ಶಾಖ. ಹಾಗೆ ನೋಡಿದರೂ ಕೋಟೆ ಹತ್ತಲು ಖರ್ಚಾಗುವುದು ಇಪ್ಪತ್ತೆರಡು ಕಿಲೋಕ್ಯಾಲರಿ, ಹೆಚ್ಚೂಕಡಿಮೆ ಒಂದು ಚಿಕ್ಕ ಚಮಚ ಸಕ್ಕರೆ. ಹತ್ತಿದವರ ಏದುಸಿರು ಕೇಳಿದರೆ ಇದನ್ನು ನಂಬುವುದು ಕಷ್ಟ.

ಏದುಸಿರಿಗೆ ಕಾರಣ ಬೇರೆಯೇ ಇದೆ. ಎಂಟು ನಿಮಿಷದಲ್ಲಿ ನಿಧಾನವಾಗಿ ಹತ್ತಿದವರ ಸಾಮರ್ಥ್ಯ ಸುಮಾರು 49 ವಾಟ್. ನಾಲ್ಕೇ ನಿಮಿಷದಲ್ಲಿ ಹತ್ತಿದ ಹುಡುಗನದು 98 ವಾಟ್. ಇಬ್ಬರೂ ಮಾಡಿದ ಕೆಲಸ ಒಂದೇ, ಸಕ್ಕರೆಯ ಖರ್ಚೂ ಬಹುತೇಕ ಒಂದೇ. ಆದರೆ ಹುಡುಗನ ಎದೆಗೂಡು ಪ್ರತಿ ಸೆಕೆಂಡಿಗೆ ಎರಡರಷ್ಟು ಪೂರೈಸಬೇಕಾಯಿತು. ಶಕ್ತಿ ಎಷ್ಟು ಬೇಕು ಎಂಬುದು ಒಂದು ಪ್ರಶ್ನೆ, ಅದನ್ನು ಎಷ್ಟು ಬೇಗ ಒದಗಿಸಬೇಕು ಎಂಬುದು ಇನ್ನೊಂದು. ಈ ಎರಡನ್ನೂ ಬೆರೆಸಿಬಿಡುವುದರಿಂದಲೇ ನಮ್ಮ ಸಾರ್ವಜನಿಕ ಚರ್ಚೆಗಳಲ್ಲಿ ಅರ್ಧದಷ್ಟು ಗೊಂದಲ ಹುಟ್ಟುತ್ತದೆ.

ಮಕ್ಕಳನ್ನು ಕಾಡುವ ಇನ್ನೊಂದು ಪ್ರಶ್ನೆಯನ್ನೂ ಇಲ್ಲೇ ಹೇಳಿಬಿಡಬೇಕು. ಕಾಫಿ ಕಣದಲ್ಲಿ 50 ಕಿಲೋ ಮೂಟೆಯನ್ನು ಹೆಗಲ ಮೇಲೆ ಹೊತ್ತು ಸಮತಟ್ಟಾದ ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುವ ಕಾರ್ಮಿಕ ಗುರುತ್ವದ ವಿರುದ್ಧ ಮಾಡಿದ ಕೆಲಸ ಸೊನ್ನೆ. ಬಲ ಮೇಲ್ಮುಖ, ಚಲನೆ ಅಡ್ಡಲಾಗಿ. ಪುಸ್ತಕ ಹೀಗೆ ಹೇಳಿದಾಗ ಕೂಲಿ ಮಾಡುವವರ ಮನೆಯ ಮಗುವಿಗೆ ಅದು ಅನ್ಯಾಯದ ಮಾತಾಗಿ ಕೇಳಿಸಿದರೆ ತಪ್ಪೇನಿಲ್ಲ. ಉತ್ತರ ದೇಹದೊಳಗಿದೆ. ಸ್ನಾಯುವಿನ ಎಳೆಗಳು ಭಾರ ಹಿಡಿದು ನಿಲ್ಲಲು ಕ್ಷಣಕ್ಷಣಕ್ಕೂ ಬಿಗಿದು ಸಡಿಲಗೊಳ್ಳುತ್ತಲೇ ಇರುತ್ತವೆ. ಒಳಗೆ ಶಕ್ತಿ ಕರಗಿ ಶಾಖವಾಗುತ್ತದೆ, ಮೂಟೆಗೆ ಅದರಿಂದ ಒಂದು ಜೂಲ್ ಕೂಡ ಸೇರುವುದಿಲ್ಲ. ಸೊನ್ನೆ ಎಂಬುದು ಮೂಟೆಯ ಲೆಕ್ಕ, ಮನುಷ್ಯನ ಲೆಕ್ಕವಲ್ಲ. ಮೇಷ್ಟ್ರು ಇದೊಂದು ಮಾತನ್ನು ಬಿಡಿಸಿ ಹೇಳಿದರೆ ಪಾಠದ ಮೇಲೆ ಮಕ್ಕಳಿಗೆ ನಂಬಿಕೆ ಬರುತ್ತದೆ.

ಈಗ ರೈಲಿಗೆ ಬರೋಣ. ಹಾಸನ–ಮಂಗಳೂರು ಮಾರ್ಗ ಮೀಟರ್ ಗೇಜ್ ಆಗಿ ತೆರೆದುಕೊಂಡದ್ದು 1979ರಲ್ಲಿ. ಬ್ರಾಡ್ ಗೇಜ್‌ಗೆ ಬದಲಿಸಲು 1996ರಲ್ಲಿ ಮುಚ್ಚಿದ ಘಟ್ಟದ ಹಳಿಯ ಮೇಲೆ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಕೊನೆಗೆ. ಇಷ್ಟು ವರ್ಷ ಹಿಡಿಯಲು ಇದ್ದ ಕಾರಣಗಳಲ್ಲಿ ಆ 50ಕ್ಕೆ 1ರ ಏರೂ ಸೇರಿದೆ.

3,000 ಟನ್ ತೂಗುವ ಗೂಡ್ಸ್ ರೈಲನ್ನು ಕಲ್ಪಿಸಿಕೊಳ್ಳಿ. ಅದನ್ನು ನೇರ ಮೇಲಕ್ಕೆ ಎತ್ತಬೇಕಾದರೆ 3,000 ಟನ್ ಭಾರಕ್ಕೆ ಸಮನಾದ ಬಲ ಬೇಕು. 50ಕ್ಕೆ 1ರ ಇಳಿಜಾರಿನಲ್ಲಿ ಎಳೆದರೆ ಅದರ ಐವತ್ತನೇ ಒಂದು ಭಾಗ, 60 ಟನ್ ಭಾರದಷ್ಟು ಬಲ ಸಾಕು. ಬದಲಿಗೆ 1 ಮೀಟರ್ ಎತ್ತರಕ್ಕೆ 50 ಮೀಟರ್ ಎಳೆಯಬೇಕು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ತೆತ್ತಾಯಿತು, ಒಟ್ಟು ಕೆಲಸ ಅಷ್ಟೇ. ಈ ಪಾಠದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದೇ. ಘಟ್ಟವನ್ನು ಸುತ್ತಿ ಸುತ್ತಿ ಹತ್ತಿ, ನೆಟ್ಟಗೆ ಹತ್ತಿ, ಹಗ್ಗ ಕಟ್ಟಿ ಎಳೆಸಿಕೊಳ್ಳಿ, ಗುರುತ್ವ ಕೇಳುವುದು ಎಷ್ಟು ಎತ್ತರ ಏರಿದಿರಿ ಎಂದಷ್ಟೇ. ಹಾದಿ ಯಾವುದೆಂದು ಅದು ಕೇಳುವುದಿಲ್ಲ. ಹಾದಿಯನ್ನು ಕೇಳುವುದು ತಿಕ್ಕಾಟ ಮತ್ತು ತಿರುವುಗಳು, ಅವುಗಳ ಸುಂಕ ಬೇರೆ.

ಆ 60 ಟನ್ನಿನ ಎಳೆತವನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಕಾಯ್ದುಕೊಳ್ಳಬೇಕಾದರೆ ಎಷ್ಟು ಸಾಮರ್ಥ್ಯ ಬೇಕು? ಬಲವನ್ನು ವೇಗದಿಂದ ಗುಣಿಸಿದರೆ 4.9 ಮೆಗಾವಾಟ್ ಬರುತ್ತದೆ. ಒಂದು ಅಶ್ವಶಕ್ತಿಗೆ 746 ವಾಟ್‌ನಂತೆ ಅದು 6,500 ಎಚ್‌ಪಿಗೂ ಹೆಚ್ಚು. ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ 4,000 ಎಚ್‌ಪಿಯದು, ಅದರಲ್ಲೂ ಪೂರ್ತಿ ಗಾಲಿಗೆ ತಲುಪುವುದಿಲ್ಲ. ಹಾಗಾಗಿ ಒಂದರಿಂದ ಆಗದು. ಎಲ್ಲವನ್ನೂ ಮುಂದೆಯೇ ಕಟ್ಟಿದರೆ ಮೊದಲ ಬೋಗಿಯ ಕೊಂಡಿಯ ಮೇಲೆ ಇಡೀ ರೈಲಿನ ಜಗ್ಗಾಟ ಬೀಳುತ್ತದೆ. ಅದಕ್ಕೇ ಹಿಂದಿನಿಂದ ನೂಕುವ ಬ್ಯಾಂಕರ್. ಅದೇ ರೈಲು 60ರ ವೇಗದಲ್ಲಿ ಹತ್ತಬೇಕೆಂದರೆ ಎತ್ತುವ ಕೆಲಸ ಒಂದು ಜೂಲ್ ಕೂಡ ಹೆಚ್ಚದು, ಎಂಜಿನ್ ಮಾತ್ರ ಎರಡು ಪಟ್ಟು ಬೇಕು.

ಇನ್ನು ಇಳಿಯುವ ದಾರಿ. ಹತ್ತುವುದಕ್ಕಿಂತ ಇಳಿಯುವುದೇ ಅಪಾಯ ಎಂದು ಘಟ್ಟದ ಲೋಕೋ ಪೈಲಟ್‌ಗಳಿಗೂ ಲಾರಿ ಚಾಲಕರಿಗೂ ಗೊತ್ತು. 1,000 ಟನ್ನಿನ ಪ್ರಯಾಣಿಕರ ರೈಲು ಸಕಲೇಶಪುರದಿಂದ 700 ಮೀಟರ್ ಕೆಳಗೆ ಬರುತ್ತದೆ ಎನ್ನಿ. ಮೇಲಿದ್ದಾಗ ಅದರಲ್ಲಿ ಅಡಗಿದ್ದ ಪ್ರಚ್ಛನ್ನ ಶಕ್ತಿ ಸುಮಾರು 686 ಕೋಟಿ ಜೂಲ್, ವಿದ್ಯುತ್ ಲೆಕ್ಕದಲ್ಲಿ 1,900 ಯೂನಿಟ್. 30ರ ವೇಗದಲ್ಲಿ ಓಡುವ ಇಡೀ ರೈಲಿನ ಚಲನ ಶಕ್ತಿ ಇದರ ಮುಂದೆ ಏನೂ ಅಲ್ಲ, ಕೇವಲ ಮೂರೂವರೆ ಮೀಟರ್ ಎತ್ತರಕ್ಕೆ ಸಮ. ಅಂದರೆ ಮೂರೂವರೆ ಮೀಟರ್ ಇಳಿದಾಗಲೇ ಸಿಕ್ಕಷ್ಟು ಶಕ್ತಿಯಲ್ಲಿ ರೈಲಿಗೆ 30ರ ವೇಗ ಬಂದಿರುತ್ತದೆ. ಉಳಿದ ಆರುನೂರ ತೊಂಬತ್ತಾರು ಮೀಟರಿನದನ್ನು ಎಲ್ಲಿ ಸುರಿಯುವುದು? ಬ್ರೇಕೂ ಇಲ್ಲ, ತಿಕ್ಕಾಟವೂ ಇಲ್ಲ ಎಂದಾದರೆ ಬುಡ ಮುಟ್ಟುವಾಗ ವೇಗ ಗಂಟೆಗೆ 420 ಕಿಲೋಮೀಟರ್. ರೈಲು ಹಗುರವೋ ಭಾರವೋ, ಈ ಅಂಕಿ ಬದಲಾಗದು.

ಆ ಶಕ್ತಿಯನ್ನು ಶಾಖ ಮಾಡಿಯೇ ತೀರಿಸಬೇಕು. ಗಾಲಿಯನ್ನು ಉಜ್ಜಿ ಹಿಡಿಯುವ ಬ್ರೇಕನ್ನೇ ನೆಚ್ಚಿಕೊಂಡರೆ ಅದು ಕೆಂಡವಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಎಂಜಿನ್ನಿನ ಮೋಟಾರುಗಳನ್ನೇ ಜನರೇಟರ್ ಆಗಿ ತಿರುಗಿಸಿ, ಹುಟ್ಟುವ ವಿದ್ಯುತ್ತನ್ನು ಎಂಜಿನ್ನಿನಲ್ಲೇ ಇರುವ ರೆಸಿಸ್ಟರ್‌ಗಳಲ್ಲಿ ಸುಟ್ಟು ಗಾಳಿಗೆ ಬಿಡುತ್ತಾರೆ. ಡೈನಮಿಕ್ ಬ್ರೇಕ್ ಎಂದರೆ ಇದೇ. ಹತ್ತುವಾಗ ಸುಟ್ಟ ಡೀಸೆಲ್ಲಿನ ಫಲ ಇಳಿಯುವಾಗ ಕಾಡಿನ ಗಾಳಿಯನ್ನು ಬಿಸಿ ಮಾಡಿ ಮುಗಿಯುತ್ತದೆ. ಆಧುನಿಕ ವಿದ್ಯುತ್ ಎಂಜಿನ್ ಆದರೆ ಅದೇ ವಿದ್ಯುತ್ತನ್ನು ಮೇಲಿನ ತಂತಿಗೆ ಮರಳಿಸಬಲ್ಲದು. ಇಳಿಯುವ ರೈಲು ಹತ್ತುವ ರೈಲಿಗೆ ಒಂದಿಷ್ಟು ಕೈಜೋಡಿಸಿದಂತೆ. ಈ ಘಟ್ಟದ ಹಳಿಗೆ ವಿದ್ಯುತ್ ತಂತಿ ಎಳೆಯುವ ಕಷ್ಟದ ಕೆಲಸಕ್ಕೆ ರೈಲ್ವೆ ಕೈಹಾಕಿದ್ದರ ನಿಜವಾದ ಲಾಭ ಇಲ್ಲಿದೆ ಎಂದು ನನಗನ್ನಿಸುತ್ತದೆ. ವೇಗ ಹೆಚ್ಚೀತು ಎಂದು ಕಾಯುವವರು ಇದನ್ನೂ ಗಮನಿಸಬೇಕು.

ಪಕ್ಕದ ಶಿರಾಡಿ ಘಾಟಿಯಲ್ಲಿ ಕತೆ ಇದೇ, ಅಳತೆ ಸಣ್ಣದು. 25 ಟನ್ನಿನ ಲಾರಿ 600 ಮೀಟರ್ ಇಳಿದರೆ 14.7 ಕೋಟಿ ಜೂಲ್ ಶಾಖವಾಗಬೇಕು. ಸುಮಾರು 460 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅದು ಸಾಕು. ಮಾರನಹಳ್ಳಿಯಿಂದ ಗುಂಡ್ಯದವರೆಗೆ ಲಾರಿಗಳ ಪಕ್ಕ ಹಾದವರ ಮೂಗಿಗೆ ಬಡಿಯುವ ಸುಟ್ಟ ವಾಸನೆ ಈ ಜೂಲ್‌ಗಳದ್ದೇ. ಕಡಿಮೆ ಗೇರಿನಲ್ಲಿ ಇಳಿಸಿದರೆ ಎಂಜಿನ್ ತಾನೇ ಗಾಡಿಯನ್ನು ಹಿಡಿಯುತ್ತದೆ, ಶಾಖದ ದೊಡ್ಡ ಪಾಲು ಬ್ರೇಕಿಗೆ ಹೋಗುವುದಿಲ್ಲ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಸುವವರು ದಯವಿಟ್ಟು ಈ 14.7 ಕೋಟಿಯನ್ನು ನೆನಪಿಡಿ.

ಕಾಫಿ ತೋಟದವರು ಈ ಪಾಠವನ್ನು ಫೆಬ್ರುವರಿ, ಮಾರ್ಚ್‌ನಲ್ಲಿ ಕರೆಂಟ್ ಬಿಲ್ಲಿನ ಮೂಲಕ ಓದುತ್ತಾರೆ. ಹೂ ಮಳೆ ಕೈಕೊಟ್ಟಾಗ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಯಿಸಲೇಬೇಕು. 10 ಎಚ್‌ಪಿ ಮೋಟಾರು ಎಂದರೆ 7.46 ಕಿಲೋವಾಟ್. ಪಂಪು, ಪೈಪು ಎಲ್ಲ ಸೇರಿ ನೂರಕ್ಕೆ ಅರವತ್ತು ಕೆಲಸಕ್ಕೆ ಬಂತೆನ್ನಿ. ಕೆರೆಯಿಂದ ತೋಟ 20 ಮೀಟರ್ ಮೇಲಿದ್ದು, ಸ್ಪ್ರಿಂಕ್ಲರ್ ಚಿಮ್ಮಲು ಬೇಕಾದ ಒತ್ತಡಕ್ಕೆ ಇನ್ನೊಂದು 30 ಮೀಟರ್ ಸೇರಿಸಿದರೆ ಸೆಕೆಂಡಿಗೆ 9 ಲೀಟರ್ ನೀರು ಸಿಗುತ್ತದೆ. ಒಂದು ಎಕರೆಗೆ ಒಂದು ಅಂಗುಲ ನೀರು ಅಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು, ಮೂರು ಗಂಟೆಯ ಕೆಲಸ. ಅದೇ ಮೋಟಾರು 70 ಮೀಟರ್ ಮೇಲಿನ ತೋಟಕ್ಕೆ ಹಾಯಿಸಿದರೆ ನೀರು ಅರ್ಧಕ್ಕೆ ಇಳಿಯುತ್ತದೆ, ಗಂಟೆ ಆರಾಗುತ್ತದೆ, ಯೂನಿಟ್ಟು 23ರಿಂದ 46ಕ್ಕೆ ಏರುತ್ತದೆ. ದೊಡ್ಡ ಮೋಟಾರು ತಂದರೆ ಸಮಯ ಉಳಿಯುತ್ತದೆ, ಯೂನಿಟ್ಟು ಉಳಿಯುವುದಿಲ್ಲ. ನೀರಿನ ಮೂಲವನ್ನು ತೋಟದ ಎತ್ತರದಲ್ಲೇ ಕಟ್ಟಿಕೊಂಡವರು, ಮಳೆನೀರನ್ನು ಮೇಲಿನ ಹೊಂಡದಲ್ಲೇ ನಿಲ್ಲಿಸಿಕೊಂಡವರು ಮಾತ್ರ ಯೂನಿಟ್ಟು ಉಳಿಸುತ್ತಾರೆ.

ಆಲೂರು ಸೀಮೆಯ ಆನೆಗೂ ಈ ಲೆಕ್ಕ ತಿಳಿದಿದೆ. ಕೀನ್ಯಾದ ಸಾಂಬುರು ಪ್ರದೇಶದಲ್ಲಿ ಆನೆಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅವು ಕಡಿದಾದ ಗುಡ್ಡಗಳನ್ನು ಆದಷ್ಟು ತಪ್ಪಿಸಿ ನಡೆಯುತ್ತವೆ ಎಂದು ಅದು ತೋರಿಸಿತು. ಕಾರಣ ಗುಣಾಕಾರದಲ್ಲೇ ಇದೆ. 4 ಟನ್ನಿನ ಆನೆ 100 ಮೀಟರ್ ಹತ್ತಿದರೆ ಮಾಡುವ ಕೆಲಸ 39 ಲಕ್ಷ ಜೂಲ್. ಅದರ ದೇಹಕ್ಕೆ ಬೀಳುವ ಖರ್ಚು ನಾಲ್ಕು ಪಟ್ಟು ಎಂದರೂ ಸುಮಾರು 3,700 ಕಿಲೋಕ್ಯಾಲರಿ. ಅಷ್ಟನ್ನು ಸೊಪ್ಪು ಸದೆಯಿಂದ ಮತ್ತೆ ಗಳಿಸಬೇಕು. ಗುಡ್ಡಗಳ ನಡುವೆ ತಗ್ಗಿನಲ್ಲಿ ಹರಿಯುವ ಹಳ್ಳ, ಅದರ ಪಕ್ಕ ಭತ್ತದ ಗದ್ದೆ, ಬಾಳೆ. ಏರದೆ ಸಿಗುವ ಮೇವು ಅಲ್ಲೇ ಇದೆ. ಆನೆ ಹಾವಳಿಯ ಪೂರ್ತಿ ಕಾರಣ ಇದೇ ಎನ್ನಲಾಗದು, ಕಾಡು ತುಂಡಾದದ್ದು ದೊಡ್ಡ ಕಾರಣ. ಆದರೆ ಆನೆ ನಡೆಯುವ ದಾರಿ ಯಾವುದು ಎಂದು ನಕ್ಷೆ ಹಾಕುವವರು ಎತ್ತರದ ಗೆರೆಗಳನ್ನು ನೋಡದೆ ಕೂರಬಾರದು.

ಇವೆಲ್ಲ ಟನ್ನುಗಳ ಲೆಕ್ಕ. ಸಕಲೇಶಪುರದಲ್ಲಿ ಈಗ ನಡೆದಿರುವುದು ಕೋಟಿ ಟನ್ನುಗಳ ಲೆಕ್ಕ, ಎತ್ತಿನಹೊಳೆಯದು.

ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ. ಸಕಲೇಶಪುರ ತಾಲ್ಲೂಕಿನ ಈ ತೊರೆಗಳು ಪಶ್ಚಿಮಕ್ಕೆ ಇಳಿದು ಗುಂಡ್ಯ ಹೊಳೆ, ಕುಮಾರಧಾರೆಗಳ ಮೂಲಕ ನೇತ್ರಾವತಿಗೆ ಸೇರುತ್ತವೆ. ಅವುಗಳ ಮಳೆಗಾಲದ ನೀರನ್ನು ಎಂಟು ಒಡ್ಡುಗಳಲ್ಲಿ ತಡೆದು, ಪಂಪು ಮಾಡಿ ಘಟ್ಟದ ನೆತ್ತಿ ದಾಟಿಸಿ, ಸುಮಾರು 253 ಕಿಲೋಮೀಟರಿನ ಗುರುತ್ವ ಕಾಲುವೆಯಲ್ಲಿ ಪೂರ್ವಕ್ಕೆ, ಕೋಲಾರ–ಚಿಕ್ಕಬಳ್ಳಾಪುರದ ಕಡೆಗೆ ಕಳಿಸುವುದು ಯೋಜನೆ. ಗುರಿ 24.01 ಟಿಎಂಸಿ. ಅದರಲ್ಲಿ 14.056 ಕುಡಿಯುವುದಕ್ಕೆ, ಉಳಿದದ್ದು ಕೆರೆ ತುಂಬಿಸುವುದಕ್ಕೆ. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು. 2014ರಲ್ಲಿ 12,912 ಕೋಟಿ ರೂಪಾಯಿ ಎಂದಿದ್ದ ಅಂದಾಜು ಆ ಹೊತ್ತಿಗೆ 23,251 ಕೋಟಿಗೆ ಏರಿತ್ತು.

ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್, ಅಷ್ಟೇ ಟನ್. 24.01 ಟಿಎಂಸಿ ಎಂದರೆ 68 ಕೋಟಿ ಟನ್ ನೀರು. ಇದನ್ನು ಕೇವಲ ಒಂದು ಮೀಟರ್ ಎತ್ತಲು, ಪಂಪಿನಲ್ಲಿ ಏನೂ ನಷ್ಟವಿಲ್ಲ ಎಂದುಕೊಂಡರೂ, 18.5 ಲಕ್ಷ ಯೂನಿಟ್ ವಿದ್ಯುತ್ ಬೇಕು. ನೂರು ಮೀಟರಿಗೆ 18.5 ಕೋಟಿ ಯೂನಿಟ್. ಒಂಬತ್ತನೇ ತರಗತಿಯ ಯಾವ ಮಗುವಾದರೂ ಐದು ನಿಮಿಷದಲ್ಲಿ ಮಾಡಬಲ್ಲ ಗುಣಾಕಾರ ಇದು. ಒಡ್ಡು ಯಾವ ಎತ್ತರದಲ್ಲಿದೆ, ನೀರು ಬೀಳುವ ತೊಟ್ಟಿ ಯಾವ ಎತ್ತರದಲ್ಲಿದೆ ಎಂದು ತಿಳಿದರೆ ಸಾಕು.

ಈಗ ಸಮಯದ ಪ್ರಶ್ನೆ, ಅದೇ ಇಲ್ಲಿನ ಗಂಟು. ಈ ತೊರೆಗಳಿಂದ ನೀರೆತ್ತುವುದು ವರ್ಷವಿಡೀ ಅಲ್ಲ, ಜೂನ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ, 139 ದಿನ. ಅಷ್ಟೂ ದಿನ ಹಗಲೂ ರಾತ್ರಿ ಒಂದೇ ಸಮನೆ ಎತ್ತಿದರೆ ನೂರು ಮೀಟರ್ ಎತ್ತರಕ್ಕೆ ಸುಮಾರು 55 ಮೆಗಾವಾಟ್ ಬೇಕು. ಆದರೆ ಮಲೆನಾಡಿನ ಮಳೆ ಒಂದೇ ಸಮನೆ ಸುರಿದದ್ದು ಯಾವಾಗ? ಜುಲೈ, ಆಗಸ್ಟ್‌ನಲ್ಲಿ ಹೊಳೆ ಭೋರ್ಗರೆಯುತ್ತದೆ, ಅಕ್ಟೋಬರ್ ಹೊತ್ತಿಗೆ ಕಲ್ಲು ಕಾಣುತ್ತದೆ. ಅಷ್ಟೇ ನೀರನ್ನು 60 ದಿನದಲ್ಲಿ ಎತ್ತಬೇಕಾಗಿ ಬಂದರೆ ಯೂನಿಟ್ಟು ಅಷ್ಟೇ, ಸಾಮರ್ಥ್ಯ ಮಾತ್ರ 128 ಮೆಗಾವಾಟ್. ಕೊಳವೆಯಲ್ಲಿ ನೀರಿನ ವೇಗ ಎರಡು ಪಟ್ಟಾದರೆ ತಿಕ್ಕಾಟಕ್ಕೆ ತೆರುವ ಸಾಮರ್ಥ್ಯ ಎಂಟು ಪಟ್ಟಾಗುತ್ತದೆ, ಅದು ಬೇರೆ. ಆ ಕೆಲವು ವಾರಗಳಿಗಾಗಿ ದೊಡ್ಡ ಪಂಪು, ದೊಡ್ಡ ಕೊಳವೆ, ಉಪಕೇಂದ್ರ, ಕಾಡಿನ ನಡುವೆ ವಿದ್ಯುತ್ ಮಾರ್ಗ ಎಲ್ಲವನ್ನೂ ಕಟ್ಟಬೇಕು, ಉಳಿದ ತಿಂಗಳು ಅವು ಸುಮ್ಮನೆ ನಿಂತಿರುತ್ತವೆ. ಶಕ್ತಿಯ ಬಿಲ್ಲನ್ನು ಬಳಸಿದಷ್ಟೇ ಕಟ್ಟಬಹುದು. ಸಾಮರ್ಥ್ಯದ ಬೆಲೆಯನ್ನು ಮಳೆ ಬರಲಿ ಬಾರದಿರಲಿ ಮೊದಲೇ ಕಟ್ಟಿಬಿಡಬೇಕು.

ನೀರು ಎಷ್ಟಿದೆ ಎಂಬ ಜಗಳಕ್ಕೆ ತೂಕ ಬರುವುದೂ ಇದರಿಂದಲೇ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಈ ಜಲಾನಯನದಲ್ಲಿ ಸಿಗುವ ನೀರು 9.55 ಟಿಎಂಸಿ ಎಂದು ಅಂದಾಜಿಸಿದ್ದಾರೆ. ಅವರ ಅಂಕಿ ಸರಿಯಾದರೆ ಎತ್ತುವ ಯೂನಿಟ್ಟೂ ಆ ಪ್ರಮಾಣದಲ್ಲಿ ಇಳಿಯುತ್ತದೆ. 24 ಟಿಎಂಸಿಗೆಂದು ಹೂಡಿದ ಯಂತ್ರ, ಕೊಳವೆ, ಕಾಲುವೆಗಳ ಖರ್ಚು ಇಳಿಯುವುದಿಲ್ಲ. ಕೋಲಾರದ ಜನಕ್ಕೆ ನೀರು ಬೇಡವೆಂದು ಯಾರೂ ಹೇಳಲಾರರು, ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರು ಕುಡಿದವರ ಸಂಕಟ ನಿಜವಾದದ್ದು. ಅದಕ್ಕೇ ಲೆಕ್ಕವೂ ನಿಜವಾಗಿರಬೇಕು.

ಇದೇ ನೀರಿನ ಮೇಲೆ ಇನ್ನೊಂದು ಯೋಜನೆಯೂ ಕಣ್ಣಿಟ್ಟಿತ್ತು. ಕರ್ನಾಟಕ ವಿದ್ಯುತ್ ನಿಗಮದ ಗುಂಡ್ಯ ಜಲವಿದ್ಯುತ್ ಯೋಜನೆ ಈ ಕಣಿವೆಯ ನೀರನ್ನು ಕೆಳಕ್ಕೆ ಬೀಳಿಸಿ ವಿದ್ಯುತ್ ಪಡೆಯಬಯಸಿತ್ತು. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ವರದಿಯಲ್ಲಿ ಅದಕ್ಕೆ ಅನುಮತಿ ಕೊಡಬಾರದೆಂದಿತು. ಒಂದೇ ಗುಡ್ಡದ ನೀರು: ಕೆಳಗೆ ಬಿಟ್ಟರೆ ಯೂನಿಟ್ಟು ಕೊಡುತ್ತದೆ, ಮೇಲೆತ್ತಿದರೆ ಯೂನಿಟ್ಟು ಕೇಳುತ್ತದೆ. ಅದನ್ನು ಅರಬ್ಬಿ ಸಮುದ್ರದಿಂದ ಇಷ್ಟು ಎತ್ತರಕ್ಕೆ ತಂದು ಸುರಿದದ್ದು ಸೂರ್ಯ. ಒಂದು ಕಿಲೋ ನೀರನ್ನು ಆವಿ ಮಾಡಲು ಸೂರ್ಯ ತೆರುವ ಶಕ್ತಿ, ಅದನ್ನು ಒಂದು ಕಿಲೋಮೀಟರ್ ಎತ್ತಲು ಬೇಕಾದದ್ದರ ಸುಮಾರು 250 ಪಟ್ಟು. ಪ್ರಕೃತಿ ಇಷ್ಟು ಧಾರಾಳವಾಗಿ ಎತ್ತಿಕೊಟ್ಟ ನೀರನ್ನು ಘಟ್ಟದ ಶೋಲಾ ಕಾಡು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಆ ಕಾಡನ್ನು ಅಗೆದು ಪಂಪು ಹೂಡುವ ಮುನ್ನ ಬಯಲುಸೀಮೆಯ ಕೆರೆಗಳ ಹೂಳು ತೆಗೆದು, ಅಲ್ಲಿ ಬಿದ್ದ ಮಳೆಯನ್ನು ಅಲ್ಲಿಯೇ ಹಿಡಿದಿದ್ದರೆ ಎತ್ತುವ ಖರ್ಚು ಸೊನ್ನೆಯಾಗುತ್ತಿತ್ತು. ನನ್ನ ತೀರ್ಪು ಇಷ್ಟೇ: ಎತ್ತಿ ತರುವ ಪ್ರತಿ ಟಿಎಂಸಿಗೂ ಮೊದಲು ಎತ್ತದೆ ಸಿಗುವ ಟಿಎಂಸಿಯನ್ನು ಹುಡುಕಬೇಕಿತ್ತು.

ಯೋಜನೆ ಈಗ ಅರ್ಧ ದಾರಿಗೆ ಬಂದಿದೆ, ಹಿಂದಕ್ಕೆ ತಿರುಗಿಸುವಂತಿಲ್ಲ. ಇನ್ನಾದರೂ ಆಗಬೇಕಾದ ಒಂದು ಕೆಲಸವಿದೆ. ಪ್ರತಿ ಮಳೆಗಾಲದಲ್ಲಿ ಯಾವ ಒಡ್ಡಿನಿಂದ ಯಾವ ದಿನ ಎಷ್ಟು ನೀರು ಎತ್ತಿದರು, ಎಷ್ಟು ಮೀಟರ್ ಎತ್ತಿದರು, ಎಷ್ಟು ಯೂನಿಟ್ ಸುಟ್ಟರು, ಕಾಲುವೆಯ ಕೊನೆಗೆ ಎಷ್ಟು ತಲುಪಿತು ಎಂಬ ನಾಲ್ಕು ಅಂಕಿಗಳನ್ನು ಸರ್ಕಾರ ದಿನದಿನವೂ ಕನ್ನಡದಲ್ಲಿ ಪ್ರಕಟಿಸಲಿ. ಸಕಲೇಶಪುರ, ಆಲೂರಿನ ಪ್ರೌಢಶಾಲೆಗಳ ಮೇಷ್ಟ್ರುಗಳು ಆ ಅಂಕಿಗಳನ್ನು ಕಪ್ಪುಹಲಗೆಗೆ ತರಲಿ, ಕೋಲಾರದ ಮೇಷ್ಟ್ರುಗಳೂ ತರಲಿ. ಗುಣಾಕಾರ, ಭಾಗಾಕಾರವನ್ನು ಮಕ್ಕಳು ನೋಡಿಕೊಳ್ಳುತ್ತಾರೆ.